ಒಂಬತ್ತನೆಯ ಸಾಲಿನ ನಿದ್ದೆ

ಇಪ್ಪತ್ತೊಂದು ದಿನದ ನಿದ್ದೆಯನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸುವುದೆಂದರೆ ಹುಡುಗಾಟವಲ್ಲ. ಗುರುವಾರ ಹನ್ನೆರಡಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ ಮೆಣಸು, ಎರಡು ಗಂಟೆಯ ಹೊತ್ತಿಗೆ ಹದಿನೇಳು ರಾತ್ರಿ ಮಲಗಿ ಎದ್ದಿದ್ದಳು, ಐವತ್ತೊಂದು ಹೊತ್ತು ಉಂಡಿದ್ದಳು, ಒಂಬತ್ತು ಗಂಟೆಗೂ ಮೀರಿ ನಡೆದಿದ್ದಳು. ಎಲ್ಲವೂ ಕಾಗದದ ಮೇಲೆ. ನಿಜದಲ್ಲಿ ಅವಳು ಅಂದು ಬೆಳಗಿನಿಂದ ತಿಂದದ್ದು ಎರಡು ಬಿಸ್ಕತ್ತು, ನಡೆದದ್ದು ಹಾಸಿಗೆಯಿಂದ ಮೇಜಿನವರೆಗೆ.

ಮೆಣಸು ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಹುಟ್ಟಿದಾಗ ಮುಷ್ಟಿಯಷ್ಟಿದ್ದಳಂತೆ, ಅಳು ಮಾತ್ರ ಬೀದಿಗೆಲ್ಲ ಕೇಳುತ್ತಿತ್ತಂತೆ. ಅಜ್ಜಿ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಈಗ ಅವಳು ಪದವಿಯ ಎರಡನೆಯ ವರ್ಷದಲ್ಲಿದ್ದಳು. ಓದುತ್ತಿದ್ದ ವಿಷಯ ಆಹಾರ ವಿಜ್ಞಾನ.

ಸೆಮಿಸ್ಟರಿನ ಕೊನೆಯ ಪರೀಕ್ಷೆಯಲ್ಲಿ, ಬೆಳಗಿನ ತಿಂಡಿಯ ಮಹತ್ವವನ್ನು ವಿವರಿಸಿ ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾಗ ಅವಳು ಬೆಂಚಿನಿಂದ ಜಾರಿ ಕೆಳಗೆ ಬಿದ್ದಳು. ಮೂರು ರಾತ್ರಿಯಿಂದ ಮಲಗಿರಲಿಲ್ಲ, ಹಿಂದಿನ ದಿನದಿಂದ ಕಪ್ಪು ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರೆ. ಇವಳು ಆ ಬದನೆಕಾಯನ್ನೂ ತಿಂದಿರಲಿಲ್ಲ. ಕಣ್ಣು ಬಿಟ್ಟಾಗ ಕಾಲೇಜಿನ ಆರೋಗ್ಯ ಕೊಠಡಿಯ ಮಂಚದ ಮೇಲಿದ್ದಳು, ಪರೀಕ್ಷೆ ಮುಗಿದುಹೋಗಿತ್ತು.

ಆ ಕೊಠಡಿಯ ನರ್ಸಮ್ಮ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ರಜೆಗೆ ಹೊರಡುವ ಎಲ್ಲ ವಿದ್ಯಾರ್ಥಿಗಳಿಗೂ ಅವರು ಒಂದು ಕಾರ್ಡ್ ಕೊಡುತ್ತಾರೆ. ಒಂದು ಬದಿಗೆ ಇಪ್ಪತ್ತೊಂದು ಸಾಲು: ಮಲಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ಊಟ, ನೀರು, ನಡಿಗೆ, ಕೊನೆಯಲ್ಲಿ ದಿನದಿನವೂ ಮನೆಯ ಹಿರಿಯರ ಸಹಿ. ಇನ್ನೊಂದು ಬದಿಗೆ 'ಈ ಸೆಮಿಸ್ಟರ್ ನನಗೆ ಏನು ಕಲಿಸಿತು' ಎಂಬ ತಲೆಬರಹ, ಅದರ ಕೆಳಗೆ ಹತ್ತು ಖಾಲಿ ಗೆರೆ. ಬೇರೆಯವರಿಗೆ ಅದೊಂದು ಶಾಸ್ತ್ರ. ಮೆಣಸಿಗೆ ಮಾತ್ರ ನರ್ಸಮ್ಮ ಬೇರೆ ಮಾತು ಹೇಳಿದ್ದರು.

"ಇದು ಸರಿಯಾಗಿದ್ರೆ ರಜೆ ಮುಗಿದ ಸೋಮವಾರ ಮರುಪರೀಕ್ಷೆಗೆ ಕೂರಿಸ್ತೀನಿ. ಇಲ್ಲಾಂದ್ರೆ ಇಲ್ಲ. ಅದರ ಹಿಂದಿನ ಶುಕ್ರವಾರ ತಂದು ಕೊಡು."

ಆ ಪರೀಕ್ಷೆ ಪಾಸಾಗದೆ ಮುಂದಿನ ಸೆಮಿಸ್ಟರಿಗೆ ಹೋಗುವಂತಿರಲಿಲ್ಲ. ಜೊತೆಯವರೆಲ್ಲ ಮುಂದಕ್ಕೆ ಹೋಗುತ್ತಾರೆ, ಇವಳು ಆರು ತಿಂಗಳು ಹಿಂದೆ ಉಳಿದು ಕಿರಿಯರ ಸಾಲಿನಲ್ಲಿ ಕೂರಬೇಕು.

ಮೊದಲ ದಿನವೇ ಕಾರ್ಡ್ ತೋರಿಸಿದ್ದರೆ ಸರಿಹೋಗುತ್ತಿತ್ತು. ಆದರೆ ತೋರಿಸಿದರೆ ಬಿದ್ದದ್ದನ್ನು ಹೇಳಬೇಕು. ಅಕ್ಕನ ಹೆರಿಗೆಗೆಂದು ಅಮ್ಮ ಬೇರೆ ಊರಿಗೆ ಹೋಗಿದ್ದರು, ಸುದ್ದಿ ಕೇಳಿದರೆ ಅಲ್ಲಿಂದ ಓಡಿ ಬರುತ್ತಾರೆ. ಅಪ್ಪನಿಗಂತೂ ಹೇಳುವ ಮಾತೇ ಇಲ್ಲ. ನಾಳೆಯಿಂದ ಸರಿಯಾಗಿ ಮಲಗುತ್ತೇನೆ, ನಾಳೆಯಿಂದ ಉಣ್ಣುತ್ತೇನೆ, ಆಮೇಲೆ ಹೇಳುತ್ತೇನೆ ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು. ರಾತ್ರಿಯಾದರೆ ಪುಸ್ತಕ ಹಿಡಿದು ಕೂರುವಳು, ಓದಿದ್ದು ತಲೆಗೆ ಹೋಗದು, ಮಲಗಿದರೆ ಎದೆ ಹೊಡೆದುಕೊಳ್ಳುವುದು. ಬೆಳಗಾಗುವಾಗ ಕಣ್ಣು ಮುಚ್ಚಿದರೆ ಹನ್ನೊಂದಕ್ಕೆ ಎಚ್ಚರ. ಹೀಗೆ ಇಪ್ಪತ್ತು ದಿನ ಸುಟ್ಟುಹೋಯಿತು.

ಅಪ್ಪನ ಕೆಲಸ ಔಷಧಿ ಗೋದಾಮಿನ ಕೋಲ್ಡ್ ರೂಮಿನಲ್ಲಿ. ದಿನಕ್ಕೆ ಎಂಟು ಸಲ ತಾಪಮಾನ ನೋಡಿ, ಹಾಳೆಯಲ್ಲಿ ಬರೆದು, ಸಹಿ ಹಾಕುವುದು. ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯನಿಗೆ ಅಲ್ಲಿನವರು ಇಟ್ಟ ಹೆಸರು ಡಿಗ್ರಿ ಸಾಹೇಬ. ತಾನು ನೋಡದ ಅಂಕಿಗೆ ಅವರು ಸಹಿ ಹಾಕುವುದಿಲ್ಲ. ಒಮ್ಮೆ, ತಾನು ರಜೆಯಲ್ಲಿದ್ದ ಭಾನುವಾರದ ಹಾಳೆಗೆ ಸಹಿ ಹಾಕು ಎಂದ ಮ್ಯಾನೇಜರಿಗೆ ಆಗುವುದಿಲ್ಲ ಎಂದು ಹೇಳಿ, ವರ್ಷವಿಡೀ ರಾತ್ರಿ ಪಾಳಿ ಮಾಡಿದ್ದರು. ಅಂಥವರಿಂದ ಇಪ್ಪತ್ತೊಂದು ಸಹಿ ಬೇಕಾಗಿತ್ತು.

ಆದರೆ ಮೆಣಸು ಅದೇ ಅಪ್ಪನ ಮಗಳು. ಚಿಕ್ಕವಳಿದ್ದಾಗ ಗೋದಾಮಿಗೆ ಹೋದಾಗಲೆಲ್ಲ ಅಪ್ಪ ಹಳೆಯ ಹಾಳೆಗಳನ್ನು ತೋರಿಸಿ ಹೇಳುತ್ತಿದ್ದರು: ಸುಳ್ಳು ಬರೆಯುವವನು ಐದು, ಹತ್ತು ಎಂದು ಇಡಿ ಅಂಕಿ ಬರೆಯುತ್ತಾನೆ, ಒಂದೇ ಪೆನ್ನಿನಲ್ಲಿ ಬರೆಯುತ್ತಾನೆ, ಎಲ್ಲ ದಿನವೂ ಚೆನ್ನಾಗಿತ್ತು ಅನ್ನುತ್ತಾನೆ. ಅದೆಲ್ಲ ಅವಳಿಗೆ ಬಾಯಿಪಾಠ. ಗುರುವಿಗೇ ತಿರುಮಂತ್ರ ಹೇಳಲು ಹೊರಟವಳು ಮೂರು ಪೆನ್ನು ಬದಲಿಸಿದಳು. ಹತ್ತು ಐವತ್ತೆರಡಕ್ಕೆ ಮಲಗಿದಳು, ಆರು ಹದಿನೇಳಕ್ಕೆ ಎದ್ದಳು. ಹದಿನಾಲ್ಕನೆಯ ದಿನ ತಲೆನೋವು ತರಿಸಿಕೊಂಡು ಐದೇ ಗಂಟೆ ನಿದ್ದೆ ಮಾಡಿದಳು, ನಂಬಿಕೆ ಬರಲಿ ಎಂದು. ಹಿಂಬದಿಯ ಹತ್ತು ಗೆರೆಗಳಲ್ಲಿ ಸಮಯಪಾಲನೆಯ ಮಹತ್ವ, ದೇಹ ಮನಸ್ಸುಗಳ ಸಮತೋಲನ ಎಂದೆಲ್ಲ ಬರೆದಳು. ಓದಿದವರಿಗೆ ಆಕಳಿಕೆ ಬಂದರೆ ಅದೂ ಆರೋಗ್ಯಕ್ಕೆ ಒಳ್ಳೆಯದೇ.

ಮೊದಲು ಅಜ್ಜಿಯ ಹತ್ತಿರ ಹೋದಳು. ಅಜ್ಜಿಗೆ ಕಣ್ಣು ಮಂಜು, ಕಾರ್ಡಿನಲ್ಲಿ ಏನಿದೆ ಎಂದು ಕಾಣುವುದಿಲ್ಲ.

"ಅಜ್ಜಿ, ಇಲ್ಲೊಂದು ಇಪ್ಪತ್ತೊಂದು ಸಹಿ ಹಾಕಿಬಿಡು."

"ಜೀವಮಾನದಲ್ಲಿ ಒಂದೇ ಒಂದು ಸಲ ಸಹಿ ಹಾಕಿದ್ದೆ ಕಣೇ, ಮದುವೆ ರಿಜಿಸ್ಟರಲ್ಲಿ. ನಲವತ್ತು ವರ್ಷ ಅನುಭವಿಸಿದೆ," ಎಂದಳು ಅಜ್ಜಿ. "ಇನ್ನು ಯಾವ ಕಾಗದದ ಸಹವಾಸಾನೂ ಬೇಡ. ನಿಮ್ಮಪ್ಪನ್ನ ಕೇಳು. ಅಂದಹಾಗೆ ನೀನು ಉಂಡ್ಯಾ?"

"ಉಂಡೆ."

"ತಟ್ಟೆ ಸದ್ದೇ ಕೇಳ್ಲಿಲ್ಲ."

ಕಣ್ಣು ಮಂಜಾದವರ ಕಿವಿ ಇಷ್ಟು ಚುರುಕಾಗಿರಬಾರದು ಎಂದು ಮೆಣಸಿಗೆ ಸಿಟ್ಟು ಬಂತು.

ಅಪ್ಪ ನಾಲ್ಕಕ್ಕೆ ಬಂದರು. ಕೈಕಾಲು ತೊಳೆದು, ಅಭ್ಯಾಸಬಲದಿಂದ ಅಡುಗೆಮನೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿ, ಮೇಜಿನ ಮುಂದೆ ಕುಳಿತರು. ಮೆಣಸು ಕಾಫಿ ಲೋಟದ ಪಕ್ಕದಲ್ಲಿ ಕಾರ್ಡ್ ಇಟ್ಟಳು. ಎರಡೂ ಕೈ ಕಟ್ಟಿಕೊಂಡು ನಿಂತಳು.

"ಕಾಲೇಜಿಂದ ಕೊಟ್ಟಿದ್ದು ಅಪ್ಪಾ. ರಜೇಲಿ ಒಳ್ಳೆ ಅಭ್ಯಾಸ ಇಟ್ಕೊಂಡ್ವಿ ಅಂತ. ಎಲ್ಲರಿಗೂ ಕೊಡ್ತಾರೆ. ನಾಳೆ ವಾಪಸ್ ಕೊಡ್ಬೇಕು."

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. "ದಿನಾ ಹಾಕಿಸ್ಕೋಬೇಕು ಅಂತ ಇದೆಯಲ್ಲಮ್ಮ."

"ಮರೆತುಹೋಯ್ತು."

"ನಾನು ನೋಡದೆ ಇರೋದಕ್ಕೆ ಸಹಿ ಹಾಕಲ್ಲ. ನಿನಗೆ ಗೊತ್ತಲ್ಲ."

ಈ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು, ಉತ್ತರವನ್ನೂ ಮಧ್ಯಾಹ್ನವೇ ಸಿದ್ಧಮಾಡಿಕೊಂಡಿದ್ದಳು. ಕಾರ್ಡಿನಲ್ಲಿ ಬರೆದ ಎಲ್ಲಕ್ಕಿಂತ ಕೆಟ್ಟ ಸುಳ್ಳು ಅದೇ ಎಂಬುದೂ ಗೊತ್ತಿತ್ತು.

"ಅದು ಔಷಧಿ ಡಬ್ಬಿಗೆ ಅಪ್ಪಾ. ನನ್ನ ಮೇಲೂ ನಂಬಿಕೆ ಇಲ್ವಾ?"

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಗೋದಾಮಿನಲ್ಲಿ ಮಾಡುವಂತೆಯೇ ಒಂದೊಂದು ಸಾಲಿನ ಕೆಳಗೆ ಬೆರಳಿಟ್ಟು, ಓದಿ, ಕೊನೆಯ ಮನೆಯಲ್ಲಿ ಸಹಿ ಹಾಕತೊಡಗಿದರು. ಒಂದು, ಎರಡು, ಮೂರು. ಪಕ್ಕದ ಕೋಣೆಯಲ್ಲಿ ಅಜ್ಜಿ ಏನೋ ಗೊಣಗುತ್ತಿದ್ದಳು. ಆರನೆಯ ಸಾಲಿಗೆ ಬಂದಾಗ ಅಪ್ಪ, "ಚೆನ್ನಾಗಿ ನಡೆದಿದ್ದೀಯ," ಎಂದರು. ಆ ದನಿಯಲ್ಲಿ ಹೆಮ್ಮೆಯಿತ್ತು. ಮೆಣಸಿಗೆ ನಿಲ್ಲಿಸಿ ಎನ್ನಬೇಕೆನಿಸಿತು, ಬದಲಿಗೆ ಕಾಫಿ ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದಳು. ಏಳು. ಎಂಟು.

ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು.

"ಎರಡನೇ ಶನಿವಾರ," ಎಂದರು ಅಪ್ಪ.

ಮೆಣಸಿಗೆ ಅರ್ಥವಾಗಲಿಲ್ಲ. ಶನಿವಾರಕ್ಕೇನಾಯಿತು?

"ಅವತ್ತು ನಮ್ಮಲ್ಲಿ ಕರೆಂಟ್ ಹೋಗಿತ್ತು."

ಅವಳ ಕಿವಿ ಬಿಸಿಯಾಯಿತು. ಮನೆಯವರ ಹುಟ್ಟಿದ ದಿನ ಮರೆತಾರು, ಕೋಲ್ಡ್ ರೂಮಿನಲ್ಲಿ ಕರೆಂಟ್ ಹೋದ ದಿನವನ್ನು ಅಪ್ಪ ಮರೆಯುವವರಲ್ಲ. ಅಂದು ರಾತ್ರಿ ಗೋದಾಮಿನಿಂದ ಫೋನ್ ಬಂದಿತ್ತು. ಜನರೇಟರು ಕೈಕೊಟ್ಟಿತ್ತು. ಏಳು ಜನ ಸೇರಿ ಡಬ್ಬಿಗಳನ್ನೆಲ್ಲ ಪಕ್ಕದ ಕಟ್ಟಡಕ್ಕೆ ಹೊತ್ತು ಹಾಕಿ, ಅಪ್ಪ ಮನೆಗೆ ಬಂದಾಗ ಬೆಳಗಿನ ಜಾವ. ಬಾಗಿಲು ತೆಗೆದವಳು ಮೆಣಸೇ. ನಿಮಿಷದ ಲೆಕ್ಕ ಹಚ್ಚಿ ಬರೆಯುವುದಕ್ಕೆ, ಪೆನ್ನು ಬದಲಿಸುವುದಕ್ಕೆ ತಲೆ ಓಡಿಸಿದವಳಿಗೆ ಅಪ್ಪನ ವೃತ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡ ದಿನವೇ ನೆನಪಿಗೆ ಬಂದಿರಲಿಲ್ಲ. ಆ ಸಾಲಿನಲ್ಲಿ ಅವಳು ಹತ್ತು ಐವತ್ತೆರಡರಿಂದ ಆರು ಹದಿನೇಳರವರೆಗೆ ನಿದ್ದೆ ಮಾಡಿದ್ದಳು.

"ನಾಲ್ಕು ಮುಕ್ಕಾಲಿಗೆ ಬಂದೆ," ಎಂದರು ಅಪ್ಪ. "ಬಾಗಿಲು ಯಾರು ತೆಗೆದದ್ದು?"

"ನಾನೇ. ತೆಗೆದು ಮತ್ತೆ ಮಲಗಿದೆ. ಅದನ್ನ ಬರೆಯೋಕೆ ಮರೆತೆ."

"ಒಂದು ಸಲ ತಟ್ಟಿದ್ದಕ್ಕೇ ನೀನು ತೆಗೆದೆ ಕಣಮ್ಮ. ನಿದ್ದೇಲಿದ್ದವರು ಒಂದು ತಟ್ಟಿಗೆ ತೆಗೆಯಲ್ಲ. ಬೆರಳೆಲ್ಲ ಇಂಕು. ಕಣ್ಣು ಕೆಂಪಗಿತ್ತು." ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತೇ ಕಂಡಿತ್ತು. ನನಗೆ ಡಬ್ಬಿ ಚಿಂತೆ, ನೀರು ಕುಡಿದು ಬಿದ್ದುಕೊಂಡೆ. ಇದು ಯಾತಕ್ಕೆ ಮೆಣಸು, ಈ ಕಾರ್ಡು? ನಿಜ ಹೇಳು."

ಅವಳು ಹೇಳಿದಳು. ಮೊದಲು ಚೂರುಚೂರಾಗಿ, ಆಮೇಲೆ ಕಟ್ಟೆ ಒಡೆದಂತೆ. ಪರೀಕ್ಷೆಯಲ್ಲಿ ಬಿದ್ದದ್ದು, ಸೋಮವಾರದ ಮರುಪರೀಕ್ಷೆ, ಸಹಿ ಇಲ್ಲದಿದ್ದರೆ ಆರು ತಿಂಗಳು ಹೋಗುವುದು, ಇಪ್ಪತ್ತು ದಿನವೂ ಮಲಗಲಾಗದೆ ಹೋದದ್ದು.

"ಯಾಕೆ ಹೇಳ್ಲಿಲ್ಲ?" ಎಂದರು ಅಪ್ಪ.

"ಗೋದಾಮಲ್ಲೆಲ್ಲ ನನ್ನ ಬಗ್ಗೆ ಹೇಳ್ಕೊಂಡು ತಿರುಗ್ತೀರಿ. ಮಗಳು ಕಾಲೇಜು, ಮಗಳು ಫಸ್ಟ್ ಕ್ಲಾಸು ಅಂತ. ಬಿದ್ದೆ ಅಂತ ಹ್ಯಾಗೆ ಹೇಳ್ಲಿ ಅಪ್ಪಾ? ನಾಚಿಕೆ ಆಯ್ತು." ಅವಳು ಮೂಗು ಒರೆಸಿಕೊಂಡಳು. "ಎಂಟಕ್ಕೆ ಹಾಕಿದ್ದೀರಿ. ಉಳಿದದ್ದಕ್ಕೂ ಹಾಕಿಬಿಡಿ. ಸೋಮವಾರ ಒಂದು ಮುಗಿದ್ರೆ ಎಲ್ಲ ಸರಿಹೋಗುತ್ತೆ. ಆಮೇಲೆ ನಾನು ದಿನವಿಡೀ ಬೇಕಾದ್ರೂ ಮಲಗ್ತೀನಿ."

ಅಪ್ಪ ಪೆನ್ನು ಎತ್ತಿಕೊಂಡರು. ಅದರ ತುದಿ ಒಂಬತ್ತನೆಯ ಸಾಲಿನ ಮೇಲೆ ತುಸು ಹೊತ್ತು ಹಾಗೆಯೇ ನಿಂತಿತು. ಅಪ್ಪ ಹಾಕಿಬಿಡುತ್ತಾರೆ ಎಂದೇ ಮೆಣಸಿಗೆ ಅನಿಸಿತು. ಅವರ ಮುಖ ನೋಡಿದರೆ ಹಾಕಿಬಿಡಬೇಕೆಂಬ ಆಸೆ ಅವರಿಗೂ ಇದ್ದಂತಿತ್ತು.

ಅಪ್ಪ ಒಂದನೆಯ ಸಾಲಿಗೆ ಹಿಂತಿರುಗಿದರು. ಅದರ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ 'ನೋಡಿಲ್ಲ' ಎಂದು ಬರೆದು ಮತ್ತೆ ಸಹಿ ಹಾಕಿದರು.

"ಏನ್ ಮಾಡ್ತಿದೀರಿ?"

"ಹಾಳೆ ಬರೆಯದೆ ಬಿಟ್ಟ ಡಬ್ಬಿ ನಮ್ಮಲ್ಲಿ ಸಿಗುತ್ತೆ ಒಮ್ಮೊಮ್ಮೆ. ಅದನ್ನ ಬಿಸಾಕಲ್ಲ, ಹೊರಗೂ ಕಳಿಸಲ್ಲ. ನೋಡಿಲ್ಲ ಅಂತ ಬರೆದು ಪಕ್ಕಕ್ಕಿಡ್ತೀವಿ, ಪರೀಕ್ಷೆ ಮಾಡಿಸ್ತೀವಿ. ಉಳಿದ್ರೂ ಉಳಿಯುತ್ತೆ. ಸುಳ್ಳು ಬರೆದ ಡಬ್ಬಿ ಇದೆಯಲ್ಲ, ಅದು ಹೋಗಿ ಯಾರದೋ ಮೈ ಸೇರುತ್ತೆ."

"ನಾನು ಡಬ್ಬಿ ಅಲ್ಲ." ಎಂದಳು ಮೆಣಸು. "ನಿಮ್ಮ ಕೈ ಶುದ್ಧವಾಗಿರ್ಬೇಕು, ಅಷ್ಟೇ ತಾನೆ? ಅದಕ್ಕೆ ನನ್ನ ಆರು ತಿಂಗಳು ಹೋದ್ರೂ ಪರವಾಗಿಲ್ಲ."

ಅಪ್ಪ ಗೆರೆ ಎಳೆಯುತ್ತಲೇ ಹೋದರು. ಒಂಬತ್ತನೆಯ ಸಾಲಿಗೆ ಮಾತ್ರ, 'ಬೆಳಗಿನ ಜಾವ ನಾಲ್ಕು ಮುಕ್ಕಾಲಿಗೆ ಎದ್ದೇ ಇದ್ದಳು, ನೋಡಿದ್ದೇನೆ' ಎಂದು ಬರೆದರು. ಕೊನೆಯ ಸಾಲನ್ನೂ ಹೊಡೆದುಹಾಕಿದರು. ಆಮೇಲೆ ಎದ್ದು ಹೋಗಿ, ಬೆಳಗ್ಗೆ ಮಾಡಿಟ್ಟಿದ್ದ ಅಡುಗೆಯನ್ನು ಬಿಸಿಮಾಡಿ, ತಟ್ಟೆಗೆ ಬಡಿಸಿ ಅವಳ ಮುಂದಿಟ್ಟರು. ಅವಳು ಸಿಟ್ಟಿನಲ್ಲೇ ಅರ್ಧ ತಿಂದು ತಟ್ಟೆ ತಳ್ಳಿದಳು. ಅಪ್ಪ ಹೊಡೆದುಹಾಕಿದ್ದ ಅಂದಿನ ಆ ಕೊನೆಯ ಸಾಲಿನ ಪಕ್ಕದಲ್ಲಿ 'ಒಂದು ಹೊತ್ತು, ಅರ್ಧ ತಟ್ಟೆ, ಸಂಜೆ ಐದಕ್ಕೆ, ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದರು.

ಮರುದಿನ ಅಪ್ಪ ರಜೆ ಹಾಕಿ ಅವಳ ಜೊತೆಗೇ ಹೊರಟರು. ಬಸ್ಸಿನಲ್ಲಿ ಮೆಣಸು ಕಿಟಕಿಯ ಕಡೆಗೆ ತಿರುಗಿ ಕುಳಿತು, ಅಪ್ಪನ ಮೇಲಿನ ಕೋಪವನ್ನು ದಾರಿಯುದ್ದಕ್ಕೂ ಆರದಂತೆ ಕಾಪಾಡಿಕೊಂಡಳು.

ಆರೋಗ್ಯ ಕೊಠಡಿಯಲ್ಲಿ ನರ್ಸಮ್ಮನ ಮೇಜಿನ ಮೇಲೆ ಕಾರ್ಡುಗಳ ಎರಡು ಅಟ್ಟಿಯಿತ್ತು. ಅವರು ಇವಳ ಕಾರ್ಡನ್ನು ನೋಡಿ, ತಿರುಗಿಸಿ, ಮತ್ತೆ ನೋಡಿದರು.

"ಇದ್ಯಾರು ಬರೆದದ್ದು? ನೋಡಿಲ್ಲ, ನೋಡಿಲ್ಲ, ನೋಡಿಲ್ಲ."

"ನಾನು. ಇವಳ ತಂದೆ."

"ಹತ್ತೊಂಬತ್ತು ದಿನ ನೋಡಿಲ್ವಾ? ಊರಲ್ಲಿರಲಿಲ್ವಾ ನೀವು?"

"ಮನೇಲೇ ಇದ್ದೆ."

"ಕೆಲಸ ಏನು ನಿಮ್ದು?"

"ಔಷಧಿ ಗೋದಾಮಲ್ಲಿ. ಕೋಲ್ಡ್ ರೂಮ್ ನೋಡ್ಕೋತೀನಿ." ಮುಂದಿನದನ್ನು ಅಪ್ಪ ಹೇಳಬೇಕಾಗಿರಲಿಲ್ಲ, ನರ್ಸಮ್ಮ ಕೇಳಿಯೂ ಇರಲಿಲ್ಲ. "ಅಲ್ಲಿ ದಿನಕ್ಕೆ ಎಂಟು ಸಲ ನೋಡ್ತೀನಿ ಮೇಡಂ. ಅರ್ಧ ಡಿಗ್ರಿ ಏರಿದ್ರೂ ಗೊತ್ತಾಗುತ್ತೆ. ಮನೇಲಿ ಮಗಳು ಗೋಡೆಯಾಚೆ ಕೂತು ಇಪ್ಪತ್ತು ರಾತ್ರಿ ನಿದ್ದೆಗೆಟ್ಟಿದ್ದಾಳೆ, ಒಂದು ಸಲ ಬಾಗಿಲು ತೆಗೆದು ನೋಡ್ಲಿಲ್ಲ. ಅದು ಅವಳ ತಪ್ಪಲ್ಲ. ಅದಕ್ಕೇ ಸಹಿ ನನ್ನದು."

ಮೆಣಸು ತಲೆ ಎತ್ತಿದಳು. ರಾತ್ರಿಯಿಡೀ ಅವಳು ಅಂದುಕೊಂಡಿದ್ದೇ ಬೇರೆ. ಅಪ್ಪ ತನ್ನ ಸುಳ್ಳಿನ ಮೇಲೆ ಗೆರೆ ಎಳೆಯುತ್ತಿದ್ದಾರೆ, ತನ್ನನ್ನು ಹಿಡಿದುಕೊಡುತ್ತಿದ್ದಾರೆ ಎಂದುಕೊಂಡಿದ್ದಳು. ಆ ಹತ್ತೊಂಬತ್ತು ಸಹಿಗಳಲ್ಲಿ ಅಪ್ಪ ಹಿಡಿದುಕೊಟ್ಟದ್ದು ತಮ್ಮನ್ನೇ. ಕಾಪಾಡಿಕೊಂಡು ಬಂದಿದ್ದ ಕೋಪವನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ನರ್ಸಮ್ಮ ಅವಳ ನಾಡಿ ಹಿಡಿದು ಗಡಿಯಾರ ನೋಡಿದರು. ರಕ್ತದೊತ್ತಡ ನೋಡಿದರು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಪರೀಕ್ಷೆಯ ದಿನಕ್ಕಿಂತ ಮೂರು ಕಿಲೋ ಇಳಿದಿದ್ದಳು. ಪ್ರತಿಯೊಂದನ್ನೂ ಬರೆದುಕೊಂಡರು.

"ಸೋಮವಾರ ಕೂರಿಸಲ್ಲ," ಎಂದರು.

ಮೆಣಸು ಇಷ್ಟು ದಿನ ಹೆದರಿದ್ದೆಲ್ಲ ಈ ಎರಡು ಮಾತಿಗೆ.

"ಕೂರಿಸಿದ್ರೆ ಮತ್ತೆ ಬೀಳ್ತಿ. ಆರು ತಿಂಗಳು ದೊಡ್ಡದಲ್ಲ ಅಂತ ನಾನು ಹೇಳಲ್ಲ, ನಿನಗೆ ದೊಡ್ಡದೇ." ನರ್ಸಮ್ಮ ಅಟ್ಟಿಯ ಕಡೆ ಕೈ ತೋರಿಸಿದರು. "ಇಲ್ಲಿ ಎಲ್ಲರೂ ಎಂಟು ಗಂಟೆ ಮಲಗಿದ್ದಾರೆ. ಎಲ್ಲರಿಗೂ ಸಮಯಪಾಲನೆ ಗೊತ್ತಾಗಿದೆ. ಓದೋಕೆ ಅಂತ ಸಿಕ್ಕಿದ್ದು ನಿಮ್ಮಪ್ಪ ಬರೆದ ಎರಡು ಸಾಲು."

ಅವರು ಡ್ರಾಯರಿನಿಂದ ಹೊಸ ಕಾರ್ಡು ತೆಗೆದು ಹಿಂಬದಿ ಮೇಲೆ ಮಾಡಿ ಮುಂದಿಟ್ಟರು. "ಈ ಸೆಮಿಸ್ಟರ್ ಏನು ಕಲಿಸ್ತು, ಬರಿ. ಹತ್ತು ಗೆರೆ ತುಂಬಿಸ್ಬೇಡ."

ಮೆಣಸು 'ಸಮಯ' ಎಂದು ಬರೆದು, ಅದನ್ನು ಹೊಡೆದುಹಾಕಿದಳು. ಕೊನೆಗೆ ಬರೆದಳು: 'ನಾನು ಬಿದ್ದೆ. ಬಿದ್ದದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ನನ್ನನ್ನು ಹೆಚ್ಚು ತಿಂದಿತು.' ನರ್ಸಮ್ಮ ಓದಿ ತಲೆಯಾಡಿಸಿ, ಇನ್ನು ಇಪ್ಪತ್ತೊಂದು ದಿನಕ್ಕೆ ಎಂದು ಕಾರ್ಡನ್ನು ಅವಳ ಕೈಗೇ ಕೊಟ್ಟು, ಮುಂದಿನವರನ್ನು ಕರೆದರು.

ಹೊರಗಿನ ಮೆಟ್ಟಿಲಿನ ಮೇಲೆ ಇಬ್ಬರೂ ಕುಳಿತರು. ಅವಳ ಗೆಳತಿಯರಿಬ್ಬರು ನಗುತ್ತ ದಾಟಿಹೋದರು. ಅವರು ಮುಂದಿನ ಸೆಮಿಸ್ಟರಿನ ಪುಸ್ತಕ ಹಿಡಿದಿದ್ದರು. ಆರು ತಿಂಗಳು ಎಂಬುದು ಈಗ ನಿಜವಾಗಿ ತಗಲಿ ಮೆಣಸು ಅತ್ತಳು. ಅಪ್ಪ ಸುಮ್ಮನಿರು ಎನ್ನಲಿಲ್ಲ. ಅಳು ನಿಲ್ಲುವವರೆಗೆ ಕಾದು, ಹೊಸ ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು, ಕನ್ನಡಕ ಹಾಕಿಕೊಂಡರು.

"ರಾತ್ರಿ ನಿದ್ದೆ ಬಂತಾ?"

ಬಂತು ಎನ್ನುವ ಮಾತು ಅಭ್ಯಾಸದಿಂದ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಕಾರ್ಡನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದರು.

"ಇಲ್ಲ ಅಪ್ಪಾ. ಒಂದು ಗಳಿಗೆಯೂ ಬರಲಿಲ್ಲ."

"ನನಗೂ ಬರಲಿಲ್ಲ," ಎಂದರು ಅಪ್ಪ. ಮೊದಲನೆಯ ಸಾಲಿನಲ್ಲಿ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದು ಸಹಿ ಹಾಕಿ, ಅವಳನ್ನು ಊಟಕ್ಕೆಂದು ಮೆಟ್ಟಿಲಿನಿಂದ ಎಬ್ಬಿಸಿದರು.